ಹೊಡೆದವನನ್ನು ಬಿಟ್ಟು ಹೊಡೆಸಿಕೊಂಡವನಿಗೆ ಬುದ್ಧಿವಾದ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ತುದಿಯಲ್ಲಿ, ಸುಪೀರಿಯರ್ ಸರೋವರದ ದಂಡೆಯಲ್ಲಿ, ಆ್ಯಶ್‌ಲ್ಯಾಂಡ್ ಎಂಬ ಪುಟ್ಟ ಊರಿದೆ. 1988ರಲ್ಲಿ ಜೇಮೀ ನಬೋಜ್ನಿ ಎಂಬ ಹುಡುಗ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಗೆ ಬಂದ. ತಾನು ಸಲಿಂಗಿ ಎಂಬುದು ಅವನಿಗೆ ಆ ವಯಸ್ಸಿಗಾಗಲೇ ತಿಳಿದಿತ್ತು. ಅದನ್ನು ಮುಚ್ಚಿಡಲು ಅವನು ಹೋಗಲಿಲ್ಲ. ಅಂದಿನಿಂದ ಶುರುವಾದ ಕಾಟ ಅವನು ಶಾಲೆ ಬಿಡುವವರೆಗೂ ನಿಲ್ಲಲಿಲ್ಲ. ಬೈಗುಳ, ಉಗುಳು, ಹೊಡೆತ ದಿನನಿತ್ಯದ್ದಾದವು. ಒಂದು ದಿನ ಇಬ್ಬರು ಹುಡುಗರು ತರಗತಿಯಲ್ಲೇ ಅವನನ್ನು ನೆಲಕ್ಕೆ ಕೆಡವಿ, ಸುಮಾರು ಇಪ್ಪತ್ತು ಸಹಪಾಠಿಗಳು ನೋಡಿ ನಗುತ್ತಿರುವಾಗ, ಅತ್ಯಾಚಾರದ ಅಣಕು ಮಾಡಿದರು. ಹುಡುಗ ಎದ್ದು ನೇರ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಓಡಿದ. ಹುಡುಗರು ಅಂದಮೇಲೆ ಇದೆಲ್ಲ ಇದ್ದದ್ದೇ, ಹೀಗೆ ಎಲ್ಲರಿಗೂ ಗೊತ್ತಾಗುವಂತೆ ಇರುತ್ತೀಯಾದರೆ ಇಂಥದ್ದನ್ನು ನಿರೀಕ್ಷಿಸಬೇಕು ಎಂಬರ್ಥದ ಮಾತು ಅಲ್ಲಿ ಸಿಕ್ಕಿತು ಎಂದು ಅವನು ಮುಂದೆ ನ್ಯಾಯಾಲಯಕ್ಕೆ ಹೇಳಿದ.

ಹೈಸ್ಕೂಲಿನಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತು. ಶೌಚಾಲಯದಲ್ಲಿ ಅವನನ್ನು ಬೀಳಿಸಿ ಮೈಮೇಲೆ ಮೂತ್ರ ಮಾಡಿದರು. ಮತ್ತೊಂದು ಬೆಳಿಗ್ಗೆ ಗ್ರಂಥಾಲಯ ತೆರೆಯಲೆಂದು ಕಾಯುತ್ತಿದ್ದಾಗ ಒಬ್ಬ ಅವನ ಹೊಟ್ಟೆಗೆ ಒದ್ದ, ಮತ್ತೆ ಮತ್ತೆ ಒದ್ದ. ಕೆಲ ವಾರಗಳ ನಂತರ ಜೇಮೀ ಕುಸಿದುಬಿದ್ದಾಗ ವೈದ್ಯರಿಗೆ ಕಂಡದ್ದು ಹೊಟ್ಟೆಯೊಳಗಿನ ರಕ್ತಸ್ರಾವ. ಇಷ್ಟೂ ಕಾಲ ತಂದೆತಾಯಿ ಶಾಲೆಗೆ ಅಲೆದರು, ದೂರು ಕೊಟ್ಟರು, ಸಭೆಗಳಲ್ಲಿ ಕುಳಿತರು. ಕ್ರಮ ಜರುಗಿಸುತ್ತೇವೆ ಎಂಬ ಭರವಸೆ ಪ್ರತಿ ಸಲವೂ ಸಿಕ್ಕಿತು, ಕ್ರಮ ಸಿಗಲಿಲ್ಲ. ಬದಲಿಗೆ ಶಾಲೆ ಕೊನೆಗೆ ಆ ಹುಡುಗನಿಗೇ ಬೇರೆ ಊರು ನೋಡಿಕೊಳ್ಳುವುದು ಒಳ್ಳೆಯದೆಂದು ಸೂಚಿಸಿತು. ಹನ್ನೊಂದನೇ ತರಗತಿಯಲ್ಲಿ ಅವನು ಮಿನಿಯಾಪೊಲಿಸ್‌ಗೆ ಹೊರಟುಹೋದ.

ಶಾಲೆಗಳಲ್ಲಿ ಎಲ್‌ಜಿಬಿಟಿ ಮಕ್ಕಳ ಹಕ್ಕಿನ ಬಗ್ಗೆ ಬರೆಯುವಾಗ ನಾನು ಈ ಮೊಕದ್ದಮೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಈ ಮಕ್ಕಳು ವಿಶೇಷ ಸವಲತ್ತು ಕೇಳುತ್ತಿದ್ದಾರೆ ಎಂಬ ಮಾತು ಎಷ್ಟು ಸುಳ್ಳು ಎಂಬುದು ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಜೇಮೀ 1995ರಲ್ಲಿ ಫೆಡರಲ್ ನ್ಯಾಯಾಲಯಕ್ಕೆ ಹೋದಾಗ ಕೇಳಿದ್ದು ಒಂದೇ ಸಂಗತಿ: ಒಬ್ಬ ಹುಡುಗ ಹುಡುಗಿಯ ಮೇಲೆ ಕೈ ಮಾಡಿದರೆ ಈ ಶಾಲೆ ತಕ್ಷಣ ಶಿಕ್ಷಿಸುತ್ತದೆ, ನನ್ನ ಮೇಲೆ ಕೈ ಮಾಡಿದವರನ್ನು ಏಕೆ ಶಿಕ್ಷಿಸಲಿಲ್ಲ? ಕೆಳ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಲ್ಯಾಂಬ್ಡಾ ಲೀಗಲ್ ಎಂಬ ಕಾನೂನು ಸಂಸ್ಥೆ ಅವನ ಪರವಾಗಿ ಮೇಲ್ಮನವಿ ನಡೆಸಿತು. 1996ರ ಜುಲೈ 31ರಂದು ಏಳನೇ ವಲಯದ ಮೇಲ್ಮನವಿ ನ್ಯಾಯಾಲಯ ಕೆಳಗಿನ ತೀರ್ಪನ್ನು ತಿರುಗಿಸಿತು. ಒಬ್ಬ ವಿದ್ಯಾರ್ಥಿ ಸಲಿಂಗಿ ಎಂಬ ಕಾರಣಕ್ಕೆ ಅವನ ಮೇಲಿನ ಹಲ್ಲೆಯನ್ನು ಸಹಿಸಿಕೊಳ್ಳಲು ಯಾವ ವಿವೇಕಯುತ ಕಾರಣವೂ ತನಗೆ ಕಾಣುವುದಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ ಜ್ಯೂರಿ ಮೂವರು ಶಾಲಾ ಆಡಳಿತಗಾರರನ್ನು ಹೊಣೆ ಮಾಡಿತು. ಪ್ರಕರಣ 9 ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರದೊಂದಿಗೆ ಇತ್ಯರ್ಥವಾಯಿತು.

ಲೈಂಗಿಕ ಒಲವಿನ ಆಧಾರದಲ್ಲಿ ತಾರತಮ್ಯ ಮಾಡಬಾರದೆಂದು ಇಡೀ ಅಮೆರಿಕದಲ್ಲೇ ಮೊದಲು, 1982ರಲ್ಲಿ, ಕಾನೂನು ತಂದ ರಾಜ್ಯ ವಿಸ್ಕಾನ್ಸಿನ್. ಪುಸ್ತಕದಲ್ಲಿ ಕಾನೂನಿದ್ದೂ ಆ್ಯಶ್‌ಲ್ಯಾಂಡಿನ ಶಾಲೆಯ ಒಳಗೆ ಅದು ಹೆಜ್ಜೆಯಿಡಲಿಲ್ಲ. ಕೊನೆಗೆ ಜೇಮೀಯ ಕೈ ಹಿಡಿದದ್ದು ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರಿಗಾಗಿ 1868ರಲ್ಲಿ ಬಂದ ಸಂವಿಧಾನದ 14ನೇ ತಿದ್ದುಪಡಿ. ಕಾನೂನಿನ ರಕ್ಷಣೆ ಎಲ್ಲರಿಗೂ ಸಮಾನವಾಗಿರಬೇಕು ಎಂಬುದಷ್ಟೇ ಅದರ ಸಾರ. ಅಲ್ಲಿನ ಸರ್ಕಾರಿ ಶಾಲೆಗಳು ಸರ್ಕಾರದ್ದೇ ಅಂಗವಾದ್ದರಿಂದ ಸಂವಿಧಾನ ಅವುಗಳ ಕೈಯನ್ನು ನೇರವಾಗಿ ಕಟ್ಟುತ್ತದೆ. ಖಾಸಗಿ ಶಾಲೆಗಳಿಗೆ, ಅದರಲ್ಲೂ ಧಾರ್ಮಿಕ ಸಂಸ್ಥೆಗಳ ಶಾಲೆಗಳಿಗೆ, ಈ ಕಟ್ಟು ಬಹುಮಟ್ಟಿಗೆ ಇಲ್ಲ.

1999ರಲ್ಲಿ ಸುಪ್ರೀಂ ಕೋರ್ಟ್ ಡೇವಿಸ್ ಪ್ರಕರಣದಲ್ಲಿ ಮತ್ತೊಂದು ಬಾಗಿಲು ತೆರೆಯಿತು. ಫೆಡರಲ್ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದ ಸಲ್ಲದು ಎನ್ನುವ 1972ರ ಟೈಟಲ್ 9 ಕಾನೂನಿನಡಿ, ಮಕ್ಕಳು ಮಕ್ಕಳಿಗೇ ಕೊಡುವ ಲೈಂಗಿಕ ಕಿರುಕುಳಕ್ಕೂ ಶಾಲೆ ಹೊಣೆಯಾಗಬಹುದು ಎಂದಿತು. ಆದರೆ ಷರತ್ತುಗಳು ಬಿಗಿಯಾಗಿವೆ. ಕಿರುಕುಳ ತೀವ್ರವಾಗಿರಬೇಕು, ಶಾಲೆಗೆ ಅದು ಗೊತ್ತಿರಬೇಕು, ಗೊತ್ತಿದ್ದೂ ಬೇಕೆಂದೇ ಕಣ್ಣು ಮುಚ್ಚಿಕೊಂಡಿರಬೇಕು. ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರು ಈ ಎರಡನೇ ಷರತ್ತನ್ನು ಗಮನಿಸಬೇಕು. ಟೀಚರ್ ಹತ್ತಿರ ಬಾಯಿಮಾತಿನಲ್ಲಿ ಹೇಳಿ ಬಂದದ್ದು ನಾಳೆ ಯಾರಿಗೂ ನೆನಪಿರುವುದಿಲ್ಲ. ತಾರೀಖು ಹಾಕಿ, ನಡೆದದ್ದನ್ನು ಬರೆದು, ಪ್ರಿನ್ಸಿಪಾಲರಿಗೂ ಶಾಲಾ ಜಿಲ್ಲೆಯ ಟೈಟಲ್ 9 ಅಧಿಕಾರಿಗೂ ಕಳಿಸಬೇಕು. ಅಂಥ ಅಧಿಕಾರಿ ಪ್ರತಿ ಜಿಲ್ಲೆಯಲ್ಲೂ ಇರಲೇಬೇಕು.

ಹಲ್ಲೆಯ ಪ್ರಶ್ನೆಯಲ್ಲಿ ಸರಿ ತಪ್ಪು ಬೇಗ ಕಾಣುತ್ತದೆ. ಮಗು ಹಲ್ಲೆಯಿಂದ ಪಾರಾದರೆ ಸಾಕೇ, ತನ್ನಂತೆ ತಾನು ಇರಲೂ ಬಹುದೇ ಎಂಬಲ್ಲಿ ಚರ್ಚೆ ಬಿಸಿಯಾಗುತ್ತದೆ. 1980ರಲ್ಲಿ ರೋಡ್ ಐಲೆಂಡ್ ರಾಜ್ಯದ ಕಂಬರ್‌ಲ್ಯಾಂಡ್ ಹೈಸ್ಕೂಲಿನ ಆ್ಯರನ್ ಫ್ರಿಕ್ ಈ ಪ್ರಶ್ನೆ ಎತ್ತಿದ. ಅಲ್ಲಿನ ಹೈಸ್ಕೂಲುಗಳಲ್ಲಿ ಕೊನೆಯ ವರ್ಷ ಪ್ರಾಮ್ ಎಂಬ ನೃತ್ಯಕೂಟ ನಡೆಯುತ್ತದೆ, ಹುಡುಗರು ಹುಡುಗಿಯರು ಜೋಡಿಯಾಗಿ ಬರುತ್ತಾರೆ. ಆ್ಯರನ್ ತನ್ನ ಸ್ನೇಹಿತನೊಬ್ಬನನ್ನು ಜೋಡಿಯಾಗಿ ಕರೆತರಲು ಅನುಮತಿ ಕೇಳಿದ. ಪ್ರಿನ್ಸಿಪಾಲರು ಒಪ್ಪಲಿಲ್ಲ. ಅವರು ಕೊಟ್ಟ ಕಾರಣದಲ್ಲಿ ದ್ವೇಷ ಇರಲಿಲ್ಲ, ಭಯ ಇತ್ತು: ಗಲಾಟೆಯಾಗುತ್ತದೆ, ನಿನಗೇ ಪೆಟ್ಟು ಬೀಳುತ್ತದೆ. ಭಯ ಆಧಾರವಿಲ್ಲದ್ದೂ ಅಲ್ಲ. ಸುದ್ದಿ ಹರಡಿದ ಮೇಲೆ ಒಬ್ಬ ಹುಡುಗ ಆ್ಯರನ್‌ಗೆ ಗುದ್ದಿದ್ದರಿಂದ ಕಣ್ಣಿನ ಕೆಳಗೆ ಹೊಲಿಗೆ ಹಾಕಿಸಬೇಕಾಗಿ ಬಂದಿತ್ತು.

ನ್ಯಾಯಾಧೀಶ ರೇಮಂಡ್ ಪೆಟೀನ್ ಅವರ ತೀರ್ಪನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಪ್ರಿನ್ಸಿಪಾಲರ ಕಾಳಜಿ ಪ್ರಾಮಾಣಿಕವಾದದ್ದು ಎಂದು ಅವರು ಒಪ್ಪಿದರು. ಒಪ್ಪಿಯೂ ಆ್ಯರನ್ ಪರ ತೀರ್ಪು ಕೊಟ್ಟರು. ಆ ಸಂಜೆ ತನ್ನ ಸ್ನೇಹಿತನೊಡನೆ ಹೋಗುವುದು ಅವನ ಮಟ್ಟಿಗೆ ಒಂದು ಅಭಿಪ್ರಾಯದ ಅಭಿವ್ಯಕ್ತಿ. ಅದನ್ನು ಸಹಿಸದವರು ಹಿಂಸೆಗೆ ಇಳಿಯಬಹುದು ಎಂಬ ಕಾರಣಕ್ಕೆ ಅವನ ಬಾಯಿ ಮುಚ್ಚಿಸಿದರೆ ಯಾವ ವಿದ್ಯಾರ್ಥಿ ಏನು ಮಾಡಬಹುದೆಂದು ತೀರ್ಮಾನಿಸುವ ಅಧಿಕಾರವನ್ನು ಪುಂಡರ ಕೈಗೆ ಕೊಟ್ಟಂತೆ. ಶಾಲೆಯ ಕೆಲಸ ಭದ್ರತೆ ಒದಗಿಸುವುದು, ಹಕ್ಕು ಕಸಿಯುವುದಲ್ಲ ಎಂದರು. ಆ್ಯರನ್ ಸ್ನೇಹಿತನೊಡನೆ ಪ್ರಾಮ್‌ಗೆ ಹೋದ.

ನಮ್ಮ ಊರುಗಳಲ್ಲೂ ಎಷ್ಟೋ ಅನ್ಯಾಯಗಳು ನಡೆಯುವುದು ದ್ವೇಷದಿಂದಲ್ಲ, ಇಂಥ ‘ನಿನ್ನ ಒಳ್ಳೆಯದಕ್ಕೇ ಹೇಳ್ತಿರೋದು’ ಎಂಬ ಮಾತಿನಿಂದ. ಹೆಣ್ಣುಮಕ್ಕಳಿಗೆ ಕತ್ತಲಾದ ಮೇಲೆ ಹೊರಗೆ ಹೋಗಬೇಡ ಎನ್ನುವ ದನಿಯೂ ಇದೇ. ಅಪಾಯ ಒಡ್ಡುವವನನ್ನು ಬಿಟ್ಟು ಅಪಾಯಕ್ಕೆ ಸಿಲುಕಿದವರನ್ನು ಕಟ್ಟಿಹಾಕುವ ಈ ರೂಢಿಗೆ ಪೆಟೀನ್ ಕೊಟ್ಟ ಉತ್ತರ ಎಲ್ಲ ಶಾಲೆಗಳಿಗೂ ಅನ್ವಯಿಸುತ್ತದೆ ಎಂದೇ ನನ್ನ ನಂಬಿಕೆ.

ಈ ತೀರ್ಪಿನ ಹಿಂದೆ ಇನ್ನೊಂದು ದೊಡ್ಡ ತೀರ್ಪಿತ್ತು. 1965ರ ಡಿಸೆಂಬರಿನಲ್ಲಿ ಅಯೋವಾ ರಾಜ್ಯದ ಡೆಮೊಯ್ನ್ ನಗರದಲ್ಲಿ ಕೆಲವು ಮಕ್ಕಳು ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದರು. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ 13 ವರ್ಷ. ಶಾಲೆ ಅಮಾನತು ಮಾಡಿತು. 1969ರಲ್ಲಿ ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಮಕ್ಕಳ ಪರ ನಿಂತಿತು. ಶಾಲೆಯ ಗೇಟು ದಾಟಿ ಒಳಗೆ ಬಂದ ಮಾತ್ರಕ್ಕೆ ವಿದ್ಯಾರ್ಥಿಗಳ ಮಾತಿನ ಸ್ವಾತಂತ್ರ್ಯ ಹೊರಗೆ ಉಳಿಯುವುದಿಲ್ಲ. ಪಾಠಪ್ರವಚನಕ್ಕೆ ನಿಜವಾದ, ಗಣನೀಯ ಅಡ್ಡಿಯಾದರೆ ಅಥವಾ ಇತರರ ಹಕ್ಕಿಗೆ ಧಕ್ಕೆಯಾದರೆ ಮಾತ್ರ ತಡೆಯಬಹುದು. ಮುಜುಗರ ಅಡ್ಡಿಯಲ್ಲ. ಯಾರಿಗೋ ಹಿಡಿಸಲಿಲ್ಲ ಎಂಬುದೂ ಅಡ್ಡಿಯಲ್ಲ.

ಸುಮಾರು ನಲವತ್ತು ವರ್ಷಗಳ ನಂತರ ಫ್ಲಾರಿಡಾದ ಪಾನ್ಸ್ ಡಿ ಲಿಯಾನ್ ಎಂಬ ಹಳ್ಳಿಯ ಹೈಸ್ಕೂಲಿನಲ್ಲಿ ಇದೇ ನಿಯಮ ಕೆಲಸಕ್ಕೆ ಬಂತು. ಸಹಪಾಠಿಗಳು ರೇಗಿಸುತ್ತಿದ್ದಾರೆಂದು ದೂರು ಹೇಳಿದ ಸಲಿಂಗಿ ಹುಡುಗಿಗೆ ಅಲ್ಲಿನ ಪ್ರಿನ್ಸಿಪಾಲರು ಅವಳು ಇರುವ ರೀತಿಯೇ ತಪ್ಪೆಂದು ಉಪದೇಶಿಸಿದರು, ಮನೆಗೂ ಸುದ್ದಿ ಮುಟ್ಟಿಸಿದರು. ಗೆಳೆಯರು ಸಿಟ್ಟಿಗೆದ್ದು ಕಾಮನಬಿಲ್ಲಿನ ಚಿತ್ರ, ಬೆಂಬಲದ ಘೋಷಣೆ ಹಾಕಿಕೊಂಡು ಬಂದರೆ ಅವಕ್ಕೂ ನಿಷೇಧ ಬಿತ್ತು, ಕೆಲವರಿಗೆ ಅಮಾನತು. ನ್ಯಾಯಾಲಯಕ್ಕೆ ಹೋದ ಹೆದರ್ ಗಿಲ್ಮನ್ ಸ್ವತಃ ಸಲಿಂಗಿಯಲ್ಲ, ಆ ಹುಡುಗಿಯ ಸೋದರಸಂಬಂಧಿ. 2008ರಲ್ಲಿ ನ್ಯಾಯಾಧೀಶ ರಿಚರ್ಡ್ ಸ್ಮೋಕ್ ಅವಳ ಪರ ತೀರ್ಪು ಕೊಟ್ಟು, ಪ್ರಿನ್ಸಿಪಾಲರ ವರ್ತನೆಯನ್ನು ಕಟುವಾಗಿ ಟೀಕಿಸಿದರು. ಹನ್ನೊಂದನೇ ತರಗತಿಯ ಒಬ್ಬ ಹುಡುಗಿ ತನ್ನ ನೆಂಟಳಿಗಾಗಿ ಶಾಲೆಯನ್ನೇ ಎದುರು ಹಾಕಿಕೊಂಡದ್ದು, ಅದೂ ಎಲ್ಲರೂ ಎಲ್ಲರಿಗೂ ಗೊತ್ತಿರುವ ಹಳ್ಳಿಯಲ್ಲಿ, ಸಣ್ಣ ಧೈರ್ಯವಲ್ಲ.

ಇದೇ ಮಾತಿನ ಸ್ವಾತಂತ್ರ್ಯ ಎದುರು ಪಕ್ಷದವರಿಗೂ ಸಲ್ಲುತ್ತದೆ, ಅದನ್ನು ಮುಚ್ಚಿಟ್ಟು ಬರೆಯುವುದು ಅಪ್ರಾಮಾಣಿಕ. ಭಾರತೀಯರು ಬಹಳ ಮಂದಿ ನೆಲೆಸಿರುವ ಇಲಿನಾಯ್ ರಾಜ್ಯದ ನೇಪರ್‌ವಿಲ್‌ನ ಹೈಸ್ಕೂಲಿನಲ್ಲಿ ‘ಖುಷಿಯಾಗಿರಿ, ಸಲಿಂಗಿಯಾಗಬೇಡಿ’ ಎಂಬ ಅರ್ಥದ ಅಂಗಿ ತೊಟ್ಟವರನ್ನು ಶಾಲೆ ತಡೆಯಿತು. 2011ರಲ್ಲಿ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಬರೆದ ತೀರ್ಪು ದಾವೆ ಹೂಡಿದ ಇಬ್ಬರು ವಿದ್ಯಾರ್ಥಿಗಳ ಪರವಾಗಿತ್ತು, ಇಬ್ಬರಿಗೂ ತಲಾ 25 ಡಾಲರ್ ಪರಿಹಾರ ಸಿಕ್ಕಿತು. ಯಾರನ್ನೂ ಹೆಸರಿಸದ, ಬೆದರಿಸದ ಮಾತು ನೋವು ಕೊಟ್ಟರೂ ಅದು ಕಿರುಕುಳವಲ್ಲ ಎಂಬುದು ಅವರ ನಿಲುವು. ಆದರೆ ಮ್ಯಾಸಚೂಸೆಟ್ಸ್‌ನ ಮಿಡಲ್‌ಬರೋದಲ್ಲಿ ಲಿಂಗ ಎರಡೇ ಎಂದು ಬರೆದ ಅಂಗಿಯನ್ನು ತಡೆದ ಶಾಲೆಯನ್ನು 2024ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಸಮರ್ಥಿಸಿತು, ಮರುವರ್ಷ ಸುಪ್ರೀಂ ಕೋರ್ಟ್ ಆ ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಗೆರೆ ಎಲ್ಲಿ ಎಳೆಯಬೇಕೆಂದು ನ್ಯಾಯಾಲಯಗಳಲ್ಲೇ ಒಮ್ಮತವಿಲ್ಲ. ನನಗೆ ಪೋಸ್ನರ್ ಅವರ ದಾರಿಯೇ ಹೆಚ್ಚು ಸುರಕ್ಷಿತವಾಗಿ ಕಾಣುತ್ತದೆ. ಅಲ್ಪಸಂಖ್ಯಾತರಾದ ಮಕ್ಕಳ ಕೈಯಲ್ಲಿರುವ ಮುಖ್ಯ ಅಸ್ತ್ರವೇ ಮಾತಿನ ಸ್ವಾತಂತ್ರ್ಯ. ಬೇಡವಾದ ಮಾತನ್ನು ತಡೆಯುವ ಅಧಿಕಾರ ಪ್ರಿನ್ಸಿಪಾಲರಿಗೆ ಸಿಕ್ಕರೆ ಆ ಅಸ್ತ್ರವೇ ಮೊದಲು ಹೋಗುತ್ತದೆ, ಪಾನ್ಸ್ ಡಿ ಲಿಯಾನ್‌ನಲ್ಲಿ ಹೋದಂತೆ.

ಹಕ್ಕು ಎಲ್ಲರದ್ದಾದಾಗ ಹೇಗೆ ಊಹಿಸದ ಕಡೆ ಕೆಲಸ ಮಾಡುತ್ತದೆ ಎಂಬುದಕ್ಕೆ ಯೂಟಾ ರಾಜ್ಯದ ಕ್ಲಬ್ ಜಗಳ ಒಳ್ಳೆಯ ನಿದರ್ಶನ. 1984ರಲ್ಲಿ ಅಮೆರಿಕದ ಸಂಸತ್ತು ಸಮಾನ ಪ್ರವೇಶ ಕಾನೂನು ಮಾಡಿತು. ಶಾಲೆ ಮುಗಿದ ಮೇಲೆ ಬೈಬಲ್ ಓದುವ ಗುಂಪುಗಳಿಗೆ ಕೋಣೆ ಸಿಗಲಿ ಎಂಬುದು ಬಹುಪಾಲು ಬೆಂಬಲಿಗರ ಆಸೆ. ಯೂಟಾದ ಸೆನೆಟರ್ ಆರಿನ್ ಹ್ಯಾಚ್ ಅದರ ಮುಂಚೂಣಿಯಲ್ಲಿದ್ದರು. ಪಠ್ಯಕ್ಕೆ ಸಂಬಂಧವಿಲ್ಲದ ಒಂದು ಕ್ಲಬ್‌ಗೆ ಜಾಗ ಕೊಟ್ಟ ಸರ್ಕಾರಿ ಹೈಸ್ಕೂಲು, ವಿಚಾರ ಹಿಡಿಸಲಿಲ್ಲವೆಂದು ಇನ್ನೊಂದಕ್ಕೆ ನಿರಾಕರಿಸುವಂತಿಲ್ಲ ಎಂದು ಕಾನೂನು ಹೇಳಿತು. 1995ರಲ್ಲಿ ಅದೇ ಯೂಟಾದ ರಾಜಧಾನಿ ಸಾಲ್ಟ್ ಲೇಕ್ ಸಿಟಿಯ ಈಸ್ಟ್ ಹೈಸ್ಕೂಲಿನಲ್ಲಿ ಕೆಲ್ಲಿ ಪೀಟರ್ಸನ್ ಎಂಬ ವಿದ್ಯಾರ್ಥಿನಿ ಮತ್ತು ಸ್ನೇಹಿತರು ಸಲಿಂಗಿ ಮಕ್ಕಳೂ ಇತರ ಮಕ್ಕಳೂ ಸೇರಿ ಕೂರುವ ಒಂದು ಕ್ಲಬ್ ಬೇಕೆಂದು ಅರ್ಜಿ ಹಾಕಿದರು. ಆ ಒಂದನ್ನೇ ತಡೆಯಲು ಕಾನೂನು ಬಿಡಲಿಲ್ಲ. 1996ರ ಫೆಬ್ರುವರಿಯಲ್ಲಿ ಶಿಕ್ಷಣ ಮಂಡಳಿ 4-3 ಮತಗಳಿಂದ ಪಠ್ಯೇತರ ಕ್ಲಬ್‌ಗಳನ್ನೆಲ್ಲ ಒಟ್ಟಿಗೆ ರದ್ದು ಮಾಡಿತು. ಮಕ್ಕಳು ತರಗತಿ ಬಿಟ್ಟು ಬೀದಿಗಿಳಿದರು, ಮೊಕದ್ದಮೆಗಳು ನಡೆದವು, 2000ದಲ್ಲಿ ಮಂಡಳಿ ನಿಷೇಧ ಹಿಂತೆಗೆದುಕೊಂಡಿತು. ಇಂದು ಅಮೆರಿಕದ ಸಾವಿರಾರು ಶಾಲೆಗಳಲ್ಲಿ ಇಂಥ ಕ್ಲಬ್‌ಗಳು ನಡೆಯುತ್ತಿರುವುದಕ್ಕೆ ಬೈಬಲ್ ಓದಬಯಸಿದ ಮಕ್ಕಳಿಗೆಂದು ಬಂದ ಆ ಕಾನೂನೇ ಮುಖ್ಯ ಆಸರೆ.

ಎಲ್ಲವನ್ನೂ ರದ್ದು ಮಾಡಿ ತಪ್ಪನ್ನು ಒಂದು ಮಗುವಿನ ತಲೆಗೆ ಕಟ್ಟುವ ಉಪಾಯ 2010ರಲ್ಲಿ ಮಿಸಿಸಿಪ್ಪಿಯ ಫುಲ್ಟನ್‌ನಲ್ಲೂ ಕಾಣಿಸಿತು. ಗೆಳತಿಯೊಡನೆ ಪ್ರಾಮ್‌ಗೆ ಬರುತ್ತೇನೆಂದ ಕಾನ್‌ಸ್ಟನ್ಸ್ ಮ್ಯಾಕ್‌ಮಿಲನ್‌ಗೆ ಒಪ್ಪಿಗೆ ಕೊಡುವ ಬದಲು ಶಾಲೆ ಪ್ರಾಮನ್ನೇ ಕೈಬಿಟ್ಟಿತು. ಅವಳ ಹಕ್ಕಿಗೆ ಚ್ಯುತಿಯಾಗಿದೆ ಎಂದು ನ್ಯಾಯಾಲಯ ಹೇಳಿತು, ಪ್ರಾಮ್ ನಡೆಸಿ ಎಂದು ಆದೇಶಿಸಲಿಲ್ಲ. ಸಹಪಾಠಿಗಳ ಸಿಟ್ಟು ಅವಳ ಮೇಲೆ ತಿರುಗಿತು. ಮುಂದೆ 35,000 ಡಾಲರ್ ಪರಿಹಾರವೂ ತಾರತಮ್ಯ ವಿರೋಧಿ ನೀತಿಯೂ ಬಂದವು. ಹದಿನೆಂಟು ವರ್ಷದ ಹುಡುಗಿ ಕಳೆದುಕೊಂಡ ಆ ವರ್ಷ ಬರಲಿಲ್ಲ.

ಅಮೆರಿಕದ ಕನ್ನಡ ಕುಟುಂಬಗಳಿಗೆ ಅತ್ಯಂತ ಹತ್ತಿರದ ಪ್ರಶ್ನೆ ಬೇರೆ: ಮಗು ಶಾಲೆಯಲ್ಲಿ ಹೇಳಿಕೊಂಡದ್ದನ್ನು ಶಾಲೆ ಮನೆಗೆ ಹೇಳಬೇಕೇ? ಕ್ಯಾಲಿಫೋರ್ನಿಯಾದ ಒಂದು ಹೈಸ್ಕೂಲಿನ ಪ್ರಿನ್ಸಿಪಾಲರು ವಿದ್ಯಾರ್ಥಿನಿಯೊಬ್ಬಳ ಒಲವಿನ ಬಗ್ಗೆ ಅವಳ ತಾಯಿಗೆ ತಿಳಿಸಿದ ಮೊಕದ್ದಮೆಯಲ್ಲಿ 2007ರಲ್ಲಿ ನ್ಯಾಯಾಲಯ ಎರಡೂ ಮಾತು ಹೇಳಿತು. ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದರೂ ಮನೆಯಲ್ಲಿ ಅದು ಗುಟ್ಟಾಗಿರಬೇಕೆಂದು ಬಯಸುವ ಹಕ್ಕು ಮಗುವಿಗಿದೆ; ಆದರೆ ಶಿಸ್ತುಕ್ರಮದ ಕಾರಣ ವಿವರಿಸುವಾಗ ಪ್ರಿನ್ಸಿಪಾಲರು ಹೇಳಿದ್ದು ತಪ್ಪಲ್ಲ. ಇತ್ತೀಚಿನ ವರ್ಷಗಳಲ್ಲಿ ಕೆಲವು ರಾಜ್ಯಗಳು ಪೋಷಕರಿಗೆ ತಿಳಿಸಲೇಬೇಕೆಂದಿವೆ, ಕೆಲವು ಮಗುವಿನ ಒಪ್ಪಿಗೆಯಿಲ್ಲದೆ ತಿಳಿಸಕೂಡದೆಂದಿವೆ. ಪೋಷಕರ ಹಕ್ಕು ಮತ್ತು ಮಗುವಿನ ಖಾಸಗಿತನದ ನಡುವಿನ ಈ ವ್ಯಾಜ್ಯ ನ್ಯಾಯಾಲಯಗಳಲ್ಲಿ ಜೋರಾಗಿ ನಡೆದಿದೆ. ಅಪ್ಪ ಅಮ್ಮನ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಶಾಲೆ ಬಾಯಿ ಬಿಡಬಾರದೆಂದೇ ನಾನು ಹೇಳುತ್ತೇನೆ. ಮನೆಯಲ್ಲಿ ಹೇಳಲು ಹೆದರುವ ಮಗು ಆ ಹೆದರಿಕೆಗೆ ಕಾರಣವನ್ನೂ ಬಲ್ಲುದು. ಊಟದ ಹೊತ್ತಿನಲ್ಲಿ ದೊಡ್ಡವರು ಆಡಿದ ಕುಹಕ, ಕನ್ನಡ ಕೂಟದ ಪಾರ್ಟಿಯಲ್ಲಿ ಯಾರದೋ ಮಗನ ಬಗ್ಗೆ ಮಾಡಿದ ಗುಸುಗುಸು, ‘ನಾಲ್ಕು ಜನ ಏನಂದಾರು’ ಎಂಬ ಮಾತು, ಇವೆಲ್ಲವನ್ನೂ ಅದು ಕೇಳಿಸಿಕೊಂಡೇ ಬೆಳೆದಿರುತ್ತದೆ.

ಟ್ರಾನ್ಸ್‌ಜೆಂಡರ್ ಮಕ್ಕಳ ಸ್ಥಿತಿ ಇನ್ನೂ ಅತಂತ್ರ. ವರ್ಜೀನಿಯಾದ ಗ್ಲಾಸ್ಟರ್ ಕೌಂಟಿಯಲ್ಲಿ ಗ್ಯಾವಿನ್ ಗ್ರಿಮ್ ಎಂಬ ಟ್ರಾನ್ಸ್ ಹುಡುಗ ಸುಮಾರು ಏಳು ವಾರ ಹುಡುಗರ ಶೌಚಾಲಯ ಬಳಸಿದ, ಯಾವ ರಂಪವೂ ಆಗಲಿಲ್ಲ. ಊರವರ ಆಕ್ಷೇಪದ ಮೇಲೆ 2014ರ ಡಿಸೆಂಬರಿನಲ್ಲಿ ಶಾಲಾ ಮಂಡಳಿ ಅದನ್ನು ತಡೆಯಿತು. 2015ರಲ್ಲಿ ಹೂಡಿದ ದಾವೆ ಮುಗಿದದ್ದು 2021ರಲ್ಲಿ. ಅವನು ಗೆದ್ದ, ಆದರೆ ಹೈಸ್ಕೂಲು ಮುಗಿಸಿ ಆಗಲೇ ನಾಲ್ಕು ವರ್ಷವಾಗಿತ್ತು. ಮರುವರ್ಷದ ಡಿಸೆಂಬರಿನಲ್ಲಿ ಫ್ಲಾರಿಡಾದ ಇಂಥದ್ದೇ ಪ್ರಕರಣದಲ್ಲಿ ಹನ್ನೊಂದನೇ ವಲಯದ ನ್ಯಾಯಾಲಯ 7-4ರಿಂದ ತದ್ವಿರುದ್ಧ ತೀರ್ಪು ಕೊಟ್ಟಿತು. ವಾಷಿಂಗ್ಟನ್ನಿನ ಸೂಚನೆಗಳೂ ಅಧ್ಯಕ್ಷರು ಬದಲಾದಂತೆ ಬದಲಾದವು: ಒಬಾಮ ಆಡಳಿತ 2016ರ ಮೇನಲ್ಲಿ ಕೊಟ್ಟದ್ದನ್ನು ಟ್ರಂಪ್ ಆಡಳಿತ 2017ರ ಫೆಬ್ರುವರಿಯಲ್ಲಿ ಕಿತ್ತುಕೊಂಡಿತು, ಬೈಡನ್ ಆಡಳಿತದ 2024ರ ನಿಯಮಗಳನ್ನು 2025ರ ಜನವರಿಯಲ್ಲಿ ಕೆಂಟಕಿಯ ಫೆಡರಲ್ ನ್ಯಾಯಾಲಯ ರದ್ದು ಮಾಡಿತು. ಇಷ್ಟರ ನಡುವೆ ಮಗು ದಿನಾ ಶಾಲೆಗೆ ಹೋಗಬೇಕು, ದಿನಾ ಶೌಚಾಲಯಕ್ಕೂ ಹೋಗಬೇಕು.

2025ರ ಜೂನ್ 27ರಂದು ಬಂದ ಮಹಮೂದ್ ತೀರ್ಪನ್ನು ಅನೇಕರು ಈ ಮಕ್ಕಳ ಸೋಲು ಎಂದು ಓದಿದರು. ಮೇರಿಲ್ಯಾಂಡಿನ ಮಾಂಟ್‌ಗಮರಿ ಕೌಂಟಿಯಲ್ಲಿ ಸಲಿಂಗಿ ಮತ್ತು ಟ್ರಾನ್ಸ್ ಪಾತ್ರಗಳಿರುವ ಕಥೆಪುಸ್ತಕಗಳ ಪಾಠದಿಂದ ತಮ್ಮ ಮಕ್ಕಳಿಗೆ ವಿನಾಯಿತಿ ಬೇಕೆಂದು ಮುಸ್ಲಿಂ ಮತ್ತು ಕ್ರೈಸ್ತ ಪೋಷಕರು ಕೇಳಿದ್ದರು. ಸುಪ್ರೀಂ ಕೋರ್ಟ್ 6-3ರಿಂದ ಒಪ್ಪಿತು. ನನಗೆ ಈ ತೀರ್ಪು ಬೇಸರ ತಂದಿದೆ. ತನ್ನ ಮನೆಯಂಥ ಮನೆಯ ಕಥೆ ಶುರುವಾದಾಗ ಸಹಪಾಠಿಗಳು ಎದ್ದು ಹೊರನಡೆಯುವುದನ್ನು ನೋಡುವ ಮಗುವಿಗೆ ಏನನ್ನಿಸೀತು? ಆದರೆ ತೀರ್ಪಿನ ವ್ಯಾಪ್ತಿ ಪಾಠಕ್ಕೆ ಮಾತ್ರ. ಕಿರುಕುಳಕ್ಕೆ ಅದು ಅನುಮತಿ ಕೊಡುವುದಿಲ್ಲ, ಕ್ಲಬ್ ಮುಚ್ಚಿಸುವುದಿಲ್ಲ. ಜೇಮೀ ಗೆದ್ದದ್ದು, ಹೆದರ್ ಗೆದ್ದದ್ದು ಹಾಗೆಯೇ ಉಳಿದಿವೆ.

ನಮ್ಮಲ್ಲಿ? ನಮ್ಮ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಲಿಂಗತ್ವ ಅಲ್ಪಸಂಖ್ಯಾತರನ್ನು ಪೂರ್ಣ ನಾಗರಿಕರೆಂದು ಗುರುತಿಸಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆ ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯ ನಿಷೇಧಿಸಿತು. ಸಲಿಂಗ ಸಂಬಂಧ ಅಪರಾಧವಲ್ಲವೆಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದರೂ ಸಲಿಂಗಿ ಮಕ್ಕಳನ್ನು ಹೆಸರಿಸಿ ಕಾಯುವ ಕಾಯ್ದೆ ನಮ್ಮ ಶಾಲೆಗಳಿಗೆ ಇನ್ನೂ ಬಂದಿಲ್ಲ. ಟ್ರಾನ್ಸ್ ಮಕ್ಕಳನ್ನು ಶಾಲೆಯಲ್ಲಿ ಹೇಗೆ ಒಳಗೊಳ್ಳಬೇಕೆಂದು ಶಿಕ್ಷಕರಿಗಾಗಿ ಎನ್‌ಸಿಇಆರ್‌ಟಿ 2021ರಲ್ಲಿ ಸಿದ್ಧಪಡಿಸಿದ ಕೈಪಿಡಿ, ಆಕ್ಷೇಪ ಬಂದೊಡನೆ ಅದರ ಜಾಲತಾಣದಿಂದ ಮಾಯವಾಯಿತು. ಕಂಬರ್‌ಲ್ಯಾಂಡಿನ ಪ್ರಿನ್ಸಿಪಾಲರ ಭಯ ಅಲ್ಲಿ ಸೋತಿತ್ತು, ಇಲ್ಲಿ ಗೆದ್ದಿತು.

ಕರ್ನಾಟಕ 2021ರಲ್ಲಿ ದೇಶದಲ್ಲೇ ಮೊದಲಾಗಿ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1 ಮೀಸಲಾತಿ ಕೊಟ್ಟಿತು. ಸಂಗಮ ಸಂಸ್ಥೆ ಹೈಕೋರ್ಟಿನಲ್ಲಿ ಹೂಡಿದ ಅರ್ಜಿ ಅದರ ಹಿಂದಿತ್ತು. ಆ ನೌಕರಿಗಳಿಗೆ ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಪದವಿಯೋ ಬೇಕು. ಎಂಟನೇ ತರಗತಿಯಲ್ಲಿ ನಡಿಗೆಗೆ, ದನಿಗೆ ಅಡ್ಡಹೆಸರು ಕೇಳಿ ಕೇಳಿ ಬ್ಯಾಗು ಬಿಸಾಡಿ ಹೋದ ಮಗುವಿಗೆ ಆ ಮೀಸಲಾತಿ ಯಾವ ಬಾಗಿಲನ್ನು ತೆರೆದೀತು? 2019ರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು, ಶಾಲೆಗಳೂ ಸೇರಿ. ಬಿಇಒ ಮತ್ತು ಡಿಡಿಪಿಐ ಕಚೇರಿಗಳು ಈ ವರ್ಷ ಶಾಲೆ ತಪಾಸಣೆಗೆ ಹೋದಾಗ ಬಿಸಿಯೂಟದ ದಾಸ್ತಾನು, ಹಾಜರಿ ಪುಸ್ತಕಗಳ ಜೊತೆ ಇದನ್ನೂ ಕೇಳಲಿ. ಎಸ್‌ಡಿಎಂಸಿ ಸಭೆಯಲ್ಲಿ ಆ ಅಧಿಕಾರಿಯ ಹೆಸರು ಓದಿ ಹೇಳಲಿ, ನೋಟಿಸ್ ಬೋರ್ಡಿಗೆ ಹಾಕಲಿ. ಮತ್ತು ಮೊದಲ ದೂರು ಬಂದ ದಿನ ಕರೆಸಬೇಕಾದದ್ದು ರೇಗಿಸಿದ ಹುಡುಗರ ಪೋಷಕರನ್ನು.